ಸುಂಕದ ಕಟ್ಟೆಯಲ್ಲಿ ಸಿಕ್ಕ ಪೀಪಿ

ಕಡಲಾಚೆ ಹೋಗಿದ್ದ ಚಿರತೆರಾಯ ಹಡಗಿಳಿದು ಬಂದಾಗ, ಸುಂಕದ ಕಟ್ಟೆಯಲ್ಲಿ ತಪಾಸಣೆಗೆ ಕೂತಿದ್ದವಳು ಒಂದು ಹೆಣ್ಣು ಜಿಂಕೆ. ಪೆಟ್ಟಿಗೆ ತೆಗೆಸಿದಳು. ಬಟ್ಟೆಗಳ ನಡುವೆ ಮರದ ಪೀಪಿಯೊಂದು ಸಿಕ್ಕಿತು.

"ಇದೇನು ಸ್ವಾಮಿ?"

"ಮೊಮ್ಮಗನಿಗೆ ಕೊಂಡ ಆಟದ ಸಾಮಾನು."

"ಊದಿ ತೋರಿಸಿ."

ಚಿರತೆರಾಯ ಹಿಂದೆಮುಂದೆ ನೋಡಿ, ಕೊನೆಗೆ ಊದಿದ. ತಾಯಿಯನ್ನು ಕರೆಯುವ ಜಿಂಕೆಮರಿಯ ದನಿ ಹೊರಟಿತು. ಸಾಲಿನಲ್ಲಿದ್ದ ತಾಯಿ ಜಿಂಕೆಗಳೆಲ್ಲ ಗಂಟುಮೂಟೆ ಬಿಸಾಕಿ ಚಿರತೆಯ ಬಳಿಗೇ ಓಡಿಬಂದವು. ತಪಾಸಣೆಯವಳೂ ತನಗೇ ತಿಳಿಯದೆ ಎರಡು ಹೆಜ್ಜೆ ಮುಂದಿಟ್ಟಿದ್ದಳು. ಆ ಎರಡು ಹೆಜ್ಜೆಗೇ ಅವಳ ಮೈಯೆಲ್ಲ ಉರಿದುಹೋಯಿತು.

"ಇದು ಬೇಟೆಯ ಸಾಮಾನು. ಒಳಗೆ ಬಿಡುವುದಿಲ್ಲ."

"ಬೇಟೆ ನನ್ನ ಕುಲಧರ್ಮ. ನನ್ನ ಹಲ್ಲು, ಉಗುರುಗಳನ್ನು ಒಳಗೆ ಬಿಡುವವಳು ಪೀಪಿಯನ್ನೇಕೆ ತಡೆಯುತ್ತೀ?"

"ಅವು ನಿಮ್ಮವು, ಅವಕ್ಕೆ ಸುಂಕವಿಲ್ಲ. ಅವುಗಳಿಂದ ತಪ್ಪಿಸಿಕೊಳ್ಳಲು ನನಗೂ ನಾಲ್ಕು ಕಾಲಿವೆ. ಈ ದನಿ ನಮ್ಮ ಮಕ್ಕಳದು."

"ನೀನು ಮೇಯುವ ಜಾಗ ನನಗೆ ಗೊತ್ತು," ಎಂದು ಚಿರತೆರಾಯ ಗುರುಗುಟ್ಟಿದ.

ಜಿಂಕೆ ಪೀಪಿಯನ್ನು ನೆಲಕ್ಕಿಟ್ಟು, ಅವನ ಕಣ್ಣೆದುರೇ ಗೊರಸಿನಿಂದ ತುಳಿದು ಪುಡಿ ಮಾಡಿದಳು.

"ಬನ್ನಿ ಸ್ವಾಮಿ. ನಿಮ್ಮ ದನಿಯಲ್ಲೇ ಕೂಗಿಕೊಂಡು ಬನ್ನಿ."