ದೊನ್ನೆಯಲ್ಲಿ ಉಳಿದ ಅರ್ಧ ಬದನೆಕಾಯಿ

"ಗುರುಗಳೇ, ಒಳಗೇ ಕಹಿ ತುಂಬಿಕೊಂಡವರನ್ನು ಮಠದಲ್ಲಿ ಇಟ್ಟುಕೊಳ್ಳಬೇಕೇ?" ಎಂದು ರಾಚಯ್ಯ ಕೇಳಿದ.

ರಾಚಯ್ಯ ಮಠದ ದಾಸೋಹದ ಉಸ್ತುವಾರಿ ನೋಡುವ ಶಿಷ್ಯ. ಉಗ್ರಾಣದ ಬೀಗದ ಕೈಗಳ ಗೊಂಚಲು ಸದಾ ಅವನ ಸೊಂಟದಲ್ಲಿರುತ್ತಿತ್ತು. ಈ ಪ್ರಶ್ನೆಯನ್ನು ಅವನು ಬೆಳಗಿನಿಂದ ತೊಳೆದು ಒರೆಸಿ ಸಿದ್ಧಮಾಡಿದ್ದ. ಅದರಲ್ಲಿ ಯಾರ ಹೆಸರೂ ಇರಲಿಲ್ಲ.

"ಯಾರು?" ಎಂದರು ಗುರುಗಳು.

"ನೀಲವ್ವ. ಹನ್ನೊಂದು ವರ್ಷ ಪಂಕ್ತಿಯಲ್ಲಿ ಸಾರು ಬಡಿಸಿದಳು. ಬಾಯಿ ತೆರೆದರೆ ಬೆಲ್ಲ. ಈಗ ಎಂಟು ದಿನದಿಂದ ನಿಜವಾದ ಬಣ್ಣ ಹೊರಬಿದ್ದಿದೆ. ಕೈತೊಳೆಯುವ ಕಟ್ಟೆಯ ಮೇಲೆ ಕೂತು, ಉಂಡು ಬಂದ ಭಕ್ತರಿಗೆ, 'ಹೊಟ್ಟೆ ತುಂಬಿತಲ್ಲ, ಬೇಗ ಹೊರಡಿರಿ, ಇಲ್ಲಿ ಹೆಚ್ಚು ದಿನ ನಿಂತವರ ಕೈಯಲ್ಲಿದ್ದದ್ದನ್ನು ಕಸಿಯುತ್ತಾರೆ' ಎನ್ನುತ್ತಾಳೆ. ಅವಳನ್ನು ಊರಿಗೆ ಕಳಿಸಿಬಿಡುವುದು ಒಳ್ಳೆಯದು."

"ಎಂಟು ದಿನದ ಹಿಂದೆ ಏನಾಯಿತು?"

"ಏನೂ ಆಗಲಿಲ್ಲ. ಅವಳ ಕೈ ನಡುಗುತ್ತಿತ್ತು. ಸಾರು ಎಲೆಯಾಚೆ ಚೆಲ್ಲುತ್ತಿತ್ತು. ಪಂಕ್ತಿಯ ನಡುವೆಯೇ ಸೌಟು ತೆಗೆದುಕೊಂಡು ಉಗ್ರಾಣದಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ಮಾತು ಹೇಳಿದೆ, ಅಷ್ಟೇ. ಎಲ್ಲ ಮಠದ ಹಿತಕ್ಕೆ."

ಗುರುಗಳು ತಲೆದೂಗಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ತರಕಾರಿ ಹೆಚ್ಚುವ ಒಬ್ಬ ಹೆಂಗಸಿದ್ದಳು. ಮದುವೆಯಾಗಲಿ, ತಿಥಿಯಾಗಲಿ, ಯಾರ ಮನೆಯಲ್ಲಿ ಎಲೆ ಹಾಕಿದರೂ ಈಳಿಗೆಯ ಮುಂದೆ ಕೂರುವವಳು ಅವಳೇ. ಇಪ್ಪತ್ತು ವರ್ಷ ಪಳಗಿದ ಕೈ. ಗಂಡ ತೀರಿಕೊಂಡ ಮೇಲೆ ಅವಳ ಜೀವನ ನಡೆಯುತ್ತಿದ್ದದ್ದು ಅದೊಂದರಿಂದ. ಆದರೆ ಅಡುಗೆಮನೆಯ ನೀರನ್ನಾಗಲಿ, ಬಾವಿಯ ಹಗ್ಗವನ್ನಾಗಲಿ ಅವಳು ಮುಟ್ಟುವಂತಿರಲಿಲ್ಲ. ಅವಳ ಹುಟ್ಟು ಅಂಥದು ಎಂದು ಊರು ಹೇಳುತ್ತಿತ್ತು. ತರಕಾರಿ ಮುಟ್ಟಬಹುದಿತ್ತು, ಏಕೆಂದರೆ ತರಕಾರಿ ಬೇಯುತ್ತದೆ, ಬೆಂದರೆ ದೋಷ ಹೋಗುತ್ತದೆ. ಸಾರಿನ ನೀರೂ ಬೇಯುವುದಿಲ್ಲವೇ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಒಂದೋ ಅವಳಿಗೆ ನೀರು ಮುಟ್ಟಲು ಬಿಡಬೇಕಿತ್ತು, ಇಲ್ಲವೇ ಈಳಿಗೆಯ ಮುಂದೆ ಊರಿನವರೇ ಕೂರಬೇಕಿತ್ತು.

ಆ ಊರಿನ ಗೌಡನ ಮಗಳ ಮದುವೆ ಬಂತು. ಬದನೆಕಾಯಿ ಎರಡು ಚೀಲ. ಹೆಚ್ಚಿದ ಬದನೆ ಕೂಡಲೇ ನೀರಿಗೆ ಬೀಳಬೇಕು ಎಂಬುದು ಅವಳ ಕೈಗೆ ಗೊತ್ತಿದ್ದ ವಿದ್ಯೆ. ಪ್ರತಿ ಸಲ ಒಬ್ಬ ಆಳು ಕೊಪ್ಪರಿಗೆಯಲ್ಲಿ ನೀರು ತುಂಬಿ ಅವಳ ಪಕ್ಕದಲ್ಲಿಡುತ್ತಿದ್ದ. ಅಂದು ಆ ಆಳು ಬೀಗರಿಗೆ ಕಾಲು ತೊಳೆಯಲು ನೀರು ಕೊಡುತ್ತ ನಿಂತಿದ್ದ.

"ಯಪ್ಪಾ, ಕೊಪ್ಪರಿಗೆಗೆ ನೀರು ಹಾಕಿಸಿರಿ" ಎಂದು ಅವಳು ಮೂರು ಸಲ ಕೂಗಿದಳು.

"ಬೀಗರ ಕಾಲಿಗಿಂತ ನಿನ್ನ ಬದನೆಕಾಯಿ ದೊಡ್ಡದೇನು? ಸುಮ್ಮನೆ ಹೆಚ್ಚು" ಎಂದು ಮನೆಯವರೊಬ್ಬರು ಗದರಿಸಿದರು.

ಬಾವಿ ಹತ್ತು ಹೆಜ್ಜೆ ದೂರದಲ್ಲಿತ್ತು. ಅವಳು ಹೆಚ್ಚಿದ್ದನ್ನೆಲ್ಲ ಒಣ ಬುಟ್ಟಿಗೆ ಹಾಕಿದಳು.

ಬೀಗರ ಕಡೆಯ ಹಿರಿಯನೊಬ್ಬ ಅಡುಗೆಮನೆಗೆ ಇಣುಕಿದ. ಬುಟ್ಟಿಯ ಹೋಳುಗಳೆಲ್ಲ ಕಪ್ಪು. "ಕೊಳೆತದ್ದನ್ನು ತಿನ್ನಲು ಇಷ್ಟು ದೂರ ಬಂದೆವೋ?" ಎಂದ. ಬದನೆಕಾಯಿ ದನಗಳಿಗೆ ಹೋಯಿತು. ಗೌಡನ ಮಾನವೂ ಅದರ ಜೊತೆಗೇ ಹೋಯಿತೆಂದು ಊರು ಮಾತಾಡಿಕೊಂಡಿತು.

ಮರುದಿನ ಚಾವಡಿಯಲ್ಲಿ ಪಂಚಾಯ್ತಿ ಸೇರಿತು. ಅವಳ ಕೈಗುಣ ಕೆಟ್ಟಿದೆ, ಇನ್ನು ಆ ಸೀಮೆಯಲ್ಲಿ ಯಾರ ಮನೆಯ ಈಳಿಗೆಯ ಮುಂದೂ ಅವಳು ಕೂರಬಾರದು ಎಂಬುದು ತೀರ್ಪು. ತೀರ್ಪು ಹಿಂದಿನ ಸಂಜೆಯೇ ಸಿದ್ಧವಾಗಿತ್ತು. ಗೌಡ ನ್ಯಾಯವಂತನಾದ್ದರಿಂದ ಅದಕ್ಕೊಂದು ಸಾಕ್ಷಿಯೂ ಇರಲಿ ಎಂದ.

ಒಂದು ಬದನೆಕಾಯಿ ತರಿಸಿದ. ತಾನೇ ಕತ್ತಿ ಹಿಡಿದು ಎರಡು ಹೋಳು ಮಾಡಿದ. ಎರಡೂ ಹಾಲಿನಂತೆ ಬೆಳ್ಳಗಿದ್ದವು.

"ಕಾಯಿ ಬೆಳ್ಳಗಿದೆ. ನನ್ನ ಕೈಯಲ್ಲೂ ಬೆಳ್ಳಗಿದೆ. ಅವಳ ಕೈಯಲ್ಲಿ ಮಾತ್ರ ಕಪ್ಪಾಯಿತು. ಇನ್ನೇನು ಬೇಕು?" ಎಂದು ಒಂದು ಹೋಳನ್ನು ಅವಳ ಮುಂದೆ ಎಸೆದ. "ನೀನು ಹೇಳುವುದೇನಾದರೂ ಇದೆಯೋ?"

"ಒಂದಿಷ್ಟು ನೀರು ಕೊಡಿರಿ" ಎಂದಳು ಅವಳು.

ತಪ್ಪು ಮಾಡಿದವರಿಗೆ ಗಂಟಲು ಒಣಗುವುದು ಸಹಜ ಎಂದು ಪಂಚರು ಕರುಣೆ ತೋರಿದರು. ತಂಬಿಗೆ ಕೊಡುವಂತಿರಲಿಲ್ಲ. ಅವಳ ಮುಂದೆ ಎಲೆಯ ದೊನ್ನೆಯೊಂದನ್ನಿಟ್ಟು ಮೇಲಿನಿಂದ ಸುರಿದರು. ಅವಳು ಕುಡಿಯಲಿಲ್ಲ. ಹೋಳನ್ನು ದೊನ್ನೆಯೊಳಗಿಟ್ಟು, ತೇಲದಂತೆ ಬೆರಳಿನಿಂದ ಒತ್ತಿ ಹಿಡಿದು ಕೂತಳು.

ಗೌಡ ಮಾತು ಶುರುಮಾಡಿದ. ಮನೆತನದ ಮಾನ, ಅನ್ನದ ಮಹಿಮೆ, ಅಜ್ಜನ ಕಾಲದ ಮದುವೆಗಳು, ಆ ಕಾಲದ ಬದನೆಕಾಯಿಗಳು. ಗೌಡನ ಮಾತು ಎಂದೂ ಚಿಕ್ಕದಾಗಿರುತ್ತಿರಲಿಲ್ಲ. ಅಂದೊಂದು ದಿನ ಅದರಿಂದ ಸತ್ಯಕ್ಕೆ ಉಪಕಾರವಾಯಿತು. ಅವನ ಕೈಯಲ್ಲಿದ್ದ ಹೋಳು ಮೊದಲು ಅಂಚಿನಲ್ಲಿ ತುಕ್ಕು ಹಿಡಿದಂತಾಯಿತು. ಆಮೇಲೆ ನಡುವೆ. ಮಾತು ಅಜ್ಜನಿಂದ ಮುತ್ತಜ್ಜನಿಗೆ ಬರುವ ಹೊತ್ತಿಗೆ ಅದು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಯಾರೋ ಕೆಮ್ಮಿದರು. ಗೌಡ ತನ್ನ ಕೈ ನೋಡಿಕೊಂಡ.

ಅವಳು ದೊನ್ನೆಯಿಂದ ತನ್ನ ಹೋಳು ಎತ್ತಿ ಹಿಡಿದಳು. ಅದು ಇದ್ದಂತೆಯೇ ಇತ್ತು.

"ಕಾಯಿ ಒಂದೇ. ಕೊಯ್ದವರೂ ನೀವೇ" ಎಂದಳು.

ಒಂದು ಗುಟುಕು ನುಂಗುವಷ್ಟು ಹೊತ್ತು ಪಂಚರ ಕಣ್ಣು ಎರಡು ಹೋಳುಗಳ ನಡುವೆ ಓಡಾಡಿತು. ಸತ್ಯಕ್ಕೆ ಆ ಊರಿನಲ್ಲಿ ಸಿಕ್ಕ ಆಯುಸ್ಸು ಅಷ್ಟೇ.

"ಕಂಡಿರಾ?" ಎಂದ ಗೌಡ. "ಆರು ಮಾರು ದೂರ ಕೂತು ನನ್ನ ಕೈಯೊಳಗಿನದನ್ನು ಕಪ್ಪು ಮಾಡಿದಳು. ತನ್ನದನ್ನು ಮಾತ್ರ ಉಳಿಸಿಕೊಂಡಳು."

ಪಂಚರು ನಿರಾಳವಾಗಿ ಉಸಿರು ಬಿಟ್ಟರು. ಅಲ್ಲಿಯವರೆಗೆ ಅವಳ ಕೈ ಮಾತ್ರ ಕೆಟ್ಟದ್ದಾಗಿತ್ತು. ಈಗ ಕಣ್ಣೂ ಕೆಟ್ಟದ್ದೆಂದು ಸಾಬೀತಾಯಿತು. ಅವಳು ಈಳಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟಳು.

ಗುರುಗಳು ಇಲ್ಲಿ ನಿಂತು ಶಿಷ್ಯನ ಕಡೆ ನೋಡಿದರು.

"ಬದನೆಯೊಳಗೆ ಒಗರು ಒಂದು ಕೋಣೆಯಲ್ಲಿರುತ್ತದೆ, ಅದನ್ನು ಕೆಣಕುವ ಕಿಣ್ವ ಇನ್ನೊಂದು ಕೋಣೆಯಲ್ಲಿ. ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಗೋಡೆ. ಕಾಯಿ ಇಡಿಯಾಗಿರುವವರೆಗೆ ಎರಡೂ ತಮ್ಮ ಪಾಡಿಗೆ ತಾವಿರುತ್ತವೆ. ಕತ್ತಿ ಗೋಡೆ ಒಡೆಯುತ್ತದೆ, ಗಾಳಿ ನುಗ್ಗುತ್ತದೆ, ಎರಡೂ ಸೇರಿ ಒಗರು ಕಪ್ಪಾಗುತ್ತದೆ. ನೀರಲ್ಲಿ ಮುಳುಗಿಸಿದರೆ ಗಾಳಿ ಅಷ್ಟು ಸುಲಭವಾಗಿ ತಲುಪುವುದಿಲ್ಲ. ಸೇಬು, ಬಾಳೆ, ಆಲೂಗಡ್ಡೆ, ಎಲ್ಲದರ ಕತೆಯೂ ಇದೇ."

ರಾಚಯ್ಯನ ಮುಖ ಅರಳಿತು. "ಅಂದರೆ ಕಪ್ಪಾಗುವ ಗುಣ ಒಳಗೇ ಇತ್ತು. ನಾನು ನೀಲವ್ವನ ವಿಷಯದಲ್ಲಿ ಹೇಳಿದ್ದೂ ಅದನ್ನೇ ಅಲ್ಲವೇ?"

"ಇತ್ತು. ಹೊಲದ ಎಲ್ಲ ಬದನೆಯಲ್ಲೂ ಇದೆ. ನಿನ್ನೆ ನೀನು ಎರಡು ಸಲ ಪಲ್ಯ ಹಾಕಿಸಿಕೊಂಡೆಯಲ್ಲ, ಅದರಲ್ಲೂ ಇತ್ತು."

ರಾಚಯ್ಯ ಮಾತು ತಿರುಗಿಸಿದ. "ಆಮೇಲೆ ಆ ಊರು ಏನು ಮಾಡಿತು?" ಎಂದ.

"ಅಂದಿನಿಂದ ಆ ಊರಿನವರು ಬದನೆಯನ್ನು ತಪ್ಪದೆ ನೀರಿಗೇ ಹೆಚ್ಚುತ್ತಾರೆ. ಅವಳ ಕೆಟ್ಟ ದೃಷ್ಟಿ ತಾಗದಿರಲಿ ಎಂದು."

ರಾಚಯ್ಯನ ಮೈ ಉರಿದುಹೋಯಿತು. ನೀರು ಕೊಡದವರು ಅವರೇ. ಕಪ್ಪಾಯಿತೆಂದು ಓಡಿಸಿದವರು ಅವರೇ. ಕೊನೆಗೆ ಅವಳ ವಿದ್ಯೆಯನ್ನೇ ಅವಳ ದೃಷ್ಟಿ ತಡೆಯುವ ಮಂತ್ರ ಮಾಡಿಕೊಂಡವರೂ ಅವರೇ.

"ಆ ಗೌಡನನ್ನು ಯಾರೂ ಕೇಳಲಿಲ್ಲವೇ?" ಅವನ ದನಿ ಏರಿತು. "ಕತ್ತಿ ಇದ್ದದ್ದು ಅವನ ಕೈಯಲ್ಲಿ. ಅಷ್ಟು ಜನರಲ್ಲಿ ಒಬ್ಬನಿಗಾದರೂ ಅದು ಕಾಣಬೇಡವೇ? ನಾನು ಅಲ್ಲಿದ್ದಿದ್ದರೆ ಅವನ ಮುಖಕ್ಕೇ ಹೇಳುತ್ತಿದ್ದೆ."

ಸಿಟ್ಟಿನಿಂದ ಅವನು ತೊಡೆ ಗುದ್ದಿಕೊಂಡ. ಸೊಂಟದಲ್ಲಿದ್ದ ಬೀಗದ ಕೈಗಳು ಗಲಗಲ ಎಂದವು.

ಆ ಸದ್ದು ಅಡಗುವವರೆಗೆ ಗುರುಗಳು ಕಾದರು.

"ಸೌಟು ಇನ್ನೂ ಉಗ್ರಾಣದಲ್ಲೇ ಇದೆಯೇನು, ರಾಚಯ್ಯ?" ಎಂದರು.