ಏಟಿಗೆ ಮುಂಚಿನ ಬೆಂಕಿ

"ಸರ್, ಗಡ್ಡೆಯನ್ನು ಸಾಯಿಸುವುದು ವಿಕಿರಣ. ಹಾಗಿದ್ದ ಮೇಲೆ ಮುಂಚೆ ಒಂದು ಗಂಟೆ ಶಾಖ ಕೊಡುವುದು ಯಾಕೆ?" ಎಂದು ಮುನಿವೆಂಕಟ ತನ್ನ ಗುರುಗಳಾದ ಹಿರಿಯ ವೈದ್ಯರನ್ನು ಕೇಳಿದ. ಅವರ ರೋಗಿ ಪಾಪಕ್ಕನ ಎದೆಯಲ್ಲಿ, ಹಿಂದೆ ವಿಕಿರಣ ಕೊಟ್ಟ ಜಾಗದಲ್ಲೇ, ಗಡ್ಡೆ ಮತ್ತೆ ಎದ್ದಿತ್ತು. "ಶಾಖ ಬಿಡೋಣ, ವಿಕಿರಣವನ್ನೇ ಜಾಸ್ತಿ ಮಾಡೋಣ. ನಾನು ಕಲ್ಲು ಒಡೆಯುವವರ ಮನೆಯವನು. ಏಟಿನ ಬಲ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಗುರುಗಳು ಕನ್ನಡಕ ತೆಗೆದಿಟ್ಟರು. "ಹಾಗಾದರೆ ಕಲ್ಲಿನ ಕತೆಯನ್ನೇ ಕೇಳು," ಎಂದರು.

ಒಬ್ಬ ಕಲ್ಲುಕುಟಿಗನಿದ್ದ. ಗುಡ್ಡಗಳಲ್ಲಿ ಇನ್ನೂ ಸಿಡಿಮದ್ದು ಬಳಸದಿದ್ದ ಕಾಲ ಅದು. ಅವನು ಬಂಡೆಯ ಮೇಲೆ ಸೌದೆಯನ್ನು ಸಾಲಾಗಿ ಹರಡಿ ಉರಿ ಹಾಕುತ್ತಿದ್ದ. ಬೆಂಕಿಯನ್ನು ಗೇಣು ಗೇಣಾಗಿ ಮುಂದಕ್ಕೆ ತಳ್ಳುತ್ತಿದ್ದ. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಿದ್ದ. ದನಿ ಪೊಳ್ಳಾದರೆ ಪದರ ಬಿಟ್ಟಿತೆಂದು ಅರ್ಥ.

ಮುನಿವೆಂಕಟನ ಮೂಗಿಗೆ ಜಾಲಿ ಸೌದೆಯ ಹೊಗೆ ಬಡಿದಂತಾಯಿತು. ಅವನ ತಾತನೂ ಹೀಗೆಯೇ ಬಂಡೆಗೆ ಕಿವಿಗೊಟ್ಟು ಕೂರುತ್ತಿದ್ದ. ಬೆಂಕಿ ಸರಿದ ಜಾಗದಲ್ಲಿ ಅಜ್ಜಿ ರಾಗಿರೊಟ್ಟಿ ಇಟ್ಟು ಬೆಚ್ಚಗೆ ಮಾಡಿಕೊಡುತ್ತಿದ್ದಳು. ಆ ಬಿಸಿ ಅವನಿಗೆ ಇಷ್ಟು ವರ್ಷ ರೊಟ್ಟಿಯ ಬಿಸಿಯಾಗಿ ಮಾತ್ರ ನೆನಪಿತ್ತು.

ಗುರುಗಳು ಕತೆ ಮುಂದುವರಿಸಿದರು. ಆ ಕಲ್ಲುಕುಟಿಗನ ಊರಿಗೆ ಕಾಲುವೆ ದಾಟಲು ಒಂದು ಉದ್ದನೆಯ ಚಪ್ಪಡಿ ಬೇಕಾಯಿತು. ಅಂಥ ಚಪ್ಪಡಿ ಏಳುವ ಬಂಡೆ ಉಳಿದದ್ದು ಒಂದೇ. ಅದೂ ಹಿಂದೊಮ್ಮೆ ಪೆಟ್ಟು ತಿಂದದ್ದು. ಕಲ್ಲುಕುಟಿಗ ಸೌದೆ ತರಲು ಹೊರಟಾಗ ಮಗ ನಕ್ಕ.

"ಬೆಂಕಿಗೆ ಬಂಡೆ ಬಗ್ಗುತ್ತದೇನಪ್ಪಾ? ಅದು ರೊಟ್ಟಿ ಸುಡೋರ ಕೆಲಸ. ನನ್ನ ತೋಳು ನೋಡು."

"ತೋಳು ನೋಡಿದ್ದೀನಿ ಕಣೋ. ನೀನು ಬಂಡೆ ನೋಡು. ಪೆಟ್ಟು ತಿಂದು ದಣಿದಿದೆ."

ಅಪ್ಪ ಸೌದೆ ಹೊತ್ತು ಬರುವಷ್ಟರಲ್ಲಿ ಮಗ ಹತ್ತು ಏಟು ಹಾಕಿದ್ದ. ಬಂಡೆ ಒಡೆದಿತ್ತು. ಅದರೊಂದಿಗೆ ಏಳಬೇಕಿದ್ದ ಚಪ್ಪಡಿಯೂ ಮೂರು ತುಂಡಾಗಿತ್ತು. ಅಪ್ಪ ಹೊರೆ ಇಳಿಸಿ ತುಂಡುಗಳ ಪಕ್ಕ ಕೂತ. ಆಮೇಲೆ ಬಹಳ ವರ್ಷ ಆ ಊರಿನವರು ಕಾಲುವೆಯನ್ನು ಮೊಣಕಾಲು ನೀರಿನಲ್ಲೇ ದಾಟಿದರು.

ಬೆಂಕಿ ಹಾಕಿದ್ದರೆ ಹಗುರ ಪೆಟ್ಟೇ ಸಾಕಿತ್ತು, ಶಾಖ ತಾಗಿದ ಗಡ್ಡೆಗೂ ಕಡಿಮೆ ವಿಕಿರಣವೇ ಸಾಕು ಎಂಬುದು ಮುನಿವೆಂಕಟನಿಗೆ ಹೊಳೆಯಿತು. ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ.

"ಏನೇ ಆಗಲಿ, ಬಂಡೆ ಒಡೆಯಿತಲ್ಲ ಸರ್," ಎಂದ.

ಗುರುಗಳು ಬಾಗಿಲ ಕಡೆ ನೋಡಿದರು.

"ಒಡೆಯಬೇಕಾದದ್ದನ್ನು ನೀನು ಹೇಳಿದೆ, ಉಳಿಯಬೇಕಾದವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ."