ಹತ್ತಕ್ಕೊಂದರ ಜೀಪು

ಶಿಷ್ಯ ಕೇಳಿದ: "ಗುರುಗಳೇ, ಹಿಂದೊಂದು ದಿನ ನನ್ನಿಂದ ಏನೋ ತಪ್ಪಾಯಿತು. ಎಲ್ಲಿ ತಪ್ಪಿತು ಎಂಬುದು ಮಾತ್ರ ತಿಳಿಯುತ್ತಿಲ್ಲ. ಧ್ಯಾನಕ್ಕೆ ಕೂತಾಗಲೆಲ್ಲ ಆ ದಿನವನ್ನು ಬೆಳಗಿನಿಂದ ಸಂಜೆಯವರೆಗೆ ಮತ್ತೆ ನಡೆಸಿ ನೋಡುತ್ತೇನೆ. ಹೀಗೆ ನೋಡುತ್ತ ಹೋದರೆ ಒಂದಲ್ಲ ಒಂದು ದಿನ ಅದು ಸಿಕ್ಕೀತಲ್ಲವೇ? ಸಿಕ್ಕರೆ ಮನಸ್ಸು ನಿಂತೀತಲ್ಲವೇ?"

ಗುರುಗಳು ಉತ್ತರವಾಗಿ ಈ ಕತೆ ಹೇಳಿದರು.

ಬಂಡೆಗುಡ್ಡಗಳ ನಡುವಿನ ಒಂದು ಊರಿನಲ್ಲಿ ಪಾಲಯ್ಯ ಎಂಬ ಗ್ಯಾರೇಜು ಮೇಸ್ತ್ರಿ ಇದ್ದ. ಜೀಪುಗಳನ್ನು ಎತ್ತರಿಸುವುದರಲ್ಲಿ ಅವನದು ಎತ್ತಿದ ಕೈ. ಗಾಡಿಯ ಭಾರ ಹೊರುವ ಕಮಾನುಪಟ್ಟಿ ಬದಲಿಸಿ, ದೊಡ್ಡ ಟೈರು ತೊಡಿಸಿ, ದಾರಿಯೇ ಇಲ್ಲದ ಕಡೆಯೂ ಓಡುವಂತೆ ಮಾಡಿಕೊಡುತ್ತಿದ್ದ. ಅವನಿಗೊಬ್ಬ ತಮ್ಮ. ಹೆಸರು ಬೋಸಯ್ಯ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದರು. ಅಲ್ಲಿಗೆ ಆಳುಗಳನ್ನೂ ಸಾಮಾನನ್ನೂ ಸಾಗಿಸುವುದು ಬೋಸಯ್ಯನ ಕೆಲಸ.

ತಮ್ಮನ ಜೀಪನ್ನು ಪಾಲಯ್ಯ ಎರಡು ಬೆರಳು ಎತ್ತರಿಸಿಕೊಟ್ಟಿದ್ದ. ಒಂದು ದಿನ ತಮ್ಮ ಬಂದು, "ಬಂಡೆ ತಳಕ್ಕೆ ತಾಗ್ತದಣ್ಣ, ಇನ್ನೆರಡು ಬೆರಳು ಎತ್ತು" ಅಂದ. ಗಾಡಿಯನ್ನು ಎತ್ತರಿಸಿದಷ್ಟೂ ಅದು ಬಂಡೆ ದಾಟುತ್ತದೆ, ಎತ್ತರಿಸಿದಷ್ಟೂ ಪಕ್ಕಕ್ಕೆ ವಾಲುತ್ತದೆ. ಇದು ಪಾಲಯ್ಯನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ತಮ್ಮ ಕೇಳಿದ್ದ, ಎತ್ತಿಕೊಟ್ಟ.

ಹತ್ತನೆಯ ದಿನ ಬೆಳಿಗ್ಗೆ ಬೋಸಯ್ಯ ಆಳುಗಳನ್ನು ಮೇಲೆ ಬಿಟ್ಟು ಒಬ್ಬನೇ ಇಳಿದು ಬರುತ್ತಿದ್ದ. ಗುಡ್ಡದಲ್ಲಿ ಆನೆಬೆನ್ನು ಎಂಬ ಇಳಿಜಾರಿದೆ. ಅದರ ನಡುಮಧ್ಯದಲ್ಲಿ ಜೀಪು ಮಗುಚಿತು. ಬೋಸಯ್ಯ ಅಲ್ಲೇ ಸತ್ತ. ಹೇಗಾಯಿತೆಂದು ಕಂಡವರಿಲ್ಲ. ಊರಿನವರು ವಿಧಿ ಎಂದರು. ಕೆಲವರು ಜೀಪಿನ ಎತ್ತರದ ಮಾತನ್ನು ತಂತಮ್ಮಲ್ಲೇ ಆಡಿಕೊಂಡರು. ಪಾಲಯ್ಯನ ಮುಂದೆ ಆ ಮಾತು ಯಾರೂ ಎತ್ತಲಿಲ್ಲ. ಅವನೂ ಯಾರನ್ನೂ ಕೇಳಲಿಲ್ಲ. ಮುರಿದ ಜೀಪನ್ನು ಎಳೆತರಿಸಿ ಗ್ಯಾರೇಜಿನ ಹಿಂದೆ ನಿಲ್ಲಿಸಿದ. ಅಳಲಿಲ್ಲ. ಮೂರನೆಯ ದಿನವೇ ಕೆಲಸಕ್ಕೆ ಕೂತ.

ಒಂದೆರಡು ತಿಂಗಳು ಕಳೆದಿರಬೇಕು. ಬೇರೆ ಊರಿನ ಗಿರಾಕಿಯೊಬ್ಬ ಒಂದು ಪುಟ್ಟ ಜೀಪನ್ನು ಬೆಸುಗೆ ಹಾಕಿಸಲು ತಂದ. ಮೊಳದುದ್ದವೂ ಇರಲಿಲ್ಲ. ಕೈಯಲ್ಲೊಂದು ರಿಮೋಟು ಹಿಡಿದು ದೂರದಿಂದಲೇ ಅದನ್ನು ಓಡಿಸುತ್ತಾರೆ. ಮಕ್ಕಳ ಆಟಿಕೆಯೆಂದು ಪಾಲಯ್ಯ ತಿರುಗಿಸಿ ನೋಡಿದ. ಕೆಳಗೆ ಅಚ್ಚುಗಳಿದ್ದವು, ಗೇರುಗಳಿದ್ದವು, ನಾಲ್ಕು ಚಕ್ರಗಳನ್ನೂ ಮೋಟಾರೇ ತಿರುಗಿಸುತ್ತಿತ್ತು. ಬೆರಳಿಂದ ಒತ್ತಿದರೆ ಸ್ಪ್ರಿಂಗು ಕುಗ್ಗಿ, ಬಿಟ್ಟರೆ ನಿಧಾನವಾಗಿ ಏಳುತ್ತಿತ್ತು. ದೊಡ್ಡ ಜೀಪು ಏಳುವ ಹಾಗೆಯೇ. ಅವನು ಅದನ್ನು ಮತ್ತೆ ಮತ್ತೆ ಒತ್ತಿ ಬಿಟ್ಟ. ಗಿರಾಕಿ ಎದುರಿಗೆ ನಿಂತಿದ್ದಾನೆಂಬುದೇ ಅವನಿಗೆ ಮರೆತುಹೋಗಿತ್ತು.

ಆಮೇಲೆ ಅಂಥದ್ದೊಂದನ್ನು ತಾನೇ ಮಾಡಲು ತೊಡಗಿದ. ಮೋಟಾರು, ಬ್ಯಾಟರಿ, ರಿಮೋಟುಗಳನ್ನು ಪೇಟೆಯಿಂದ ತರಿಸಿದ. ಉಳಿದದ್ದೆಲ್ಲ ಅವನ ಕೈಯದ್ದೇ. ಗ್ಯಾರೇಜಿನ ಹಿಂದೆ ಕೂತು ತಮ್ಮನ ಜೀಪಿನ ಒಂದೊಂದು ತುಂಡನ್ನೂ ಅಳೆದ. ಅಳತೆಯನ್ನು ಹತ್ತರಿಂದ ಭಾಗಿಸಿದ. ಗರಗಸದ ಅಲಗನ್ನು ಕಾಸಿ ಬಗ್ಗಿಸಿ ಕಮಾನುಪಟ್ಟಿ ಮಾಡಿದ. ತಗಡು ಬಡಿದು ಮೈ ಮಾಡಿದ. ತಾನು ಎತ್ತಿದ್ದ ನಾಲ್ಕು ಬೆರಳು ಇಲ್ಲಿ ಒಂದು ಕಡಲೆಕಾಳಿನಷ್ಟಾಯಿತು. ಅದನ್ನೂ ಬಿಡಲಿಲ್ಲ. ತಮ್ಮ ತನ್ನ ಜೀಪಿನ ಹಿಂಬದಿಯಲ್ಲಿ 'ತಾಯಿಯ ಆಶೀರ್ವಾದ' ಎಂದು ಬರೆಸಿದ್ದ. ಪೇಂಟರು 'ಶೀ' ಅಕ್ಷರವನ್ನು ಸ್ವಲ್ಪ ಸೊಟ್ಟಗೆ ಬರೆದಿದ್ದ. ಪಾಲಯ್ಯ ನಾಲ್ಕೇ ಕೂದಲಿನ ಕುಂಚದಲ್ಲಿ ಅದನ್ನು ಅಷ್ಟೇ ಸೊಟ್ಟಗೆ ಬರೆದ.

ಉದ್ದ ಹತ್ತರಲ್ಲೊಂದು ಪಾಲಾದರೆ ತೂಕ ಸಾವಿರದಲ್ಲೊಂದು ಪಾಲಾಗುತ್ತದೆ. ಅವನು ಅದನ್ನೂ ಲೆಕ್ಕ ಹಾಕಿದ. ಟ್ಯಾಂಕಿನಲ್ಲಿ ಆ ದಿನ ಇಪ್ಪತ್ತು ಲೀಟರ್ ಡೀಸೆಲ್ ಇತ್ತು. ಕೆಮ್ಮಿನ ಔಷಧಿಯ ಬಾಟಲಿಯ ಮುಚ್ಚಳದಲ್ಲಿ ಇಪ್ಪತ್ತು ಮಿಲಿ ನೀರು ಅಳೆದು, ಪುಟ್ಟ ಟ್ಯಾಂಕಿಗೆ ಸುರಿದ. ಎಂಜಿನ್ನಿನ ಜಾಗದಲ್ಲಿ ಸೀಸ ಅಂಟಿಸಿದ. ತಮ್ಮ ಅರವತ್ತೈದು ಕೆಜಿ ಇದ್ದ. ಅರವತ್ತೈದು ಗ್ರಾಂ ಸೀಸ ತೂಗಿ, ಅದನ್ನು ಸೀಟಿನ ಕೆಳಗೆ ಅಂಟಿಸಿದ.

ಜೀಪು ಪುಟ್ಟದಾದ ಮೇಲೆ ಗುಡ್ಡವೂ ಪುಟ್ಟದಾಗಬೇಕಲ್ಲ. ಆನೆಬೆನ್ನಿನ ಪಕ್ಕದಲ್ಲೇ ಒಂದು ಸಣ್ಣ ಬಂಡೆ ಅದೇ ಓರೆಯಲ್ಲಿ ಮಲಗಿತ್ತು. ದಾರ ಎಳೆದು, ಮಟ್ಟ ಇಟ್ಟು, ದೊಡ್ಡ ಇಳಿಜಾರಿನಲ್ಲಿ ಎಲ್ಲೆಲ್ಲಿ ಗುಂಡುಗಲ್ಲುಗಳಿವೆಯೋ ಇಲ್ಲಿ ಅಲ್ಲಲ್ಲಿ ಕಲ್ಲಿನ ಚೂರುಗಳನ್ನು ಕೂರಿಸಿದ. ಅಷ್ಟಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ಮೊದಲ ದಿನ ಹತ್ತು ಸಲ ಇಳಿಸಿದ. ಆರು ಸಲ ಮಗುಚಿತು, ನಾಲ್ಕು ಸಲ ಇಳಿಯಿತು. ಮನೆಗೆ ಬಂದು ಕಮಾನುಪಟ್ಟಿಯನ್ನು ಕಡಲೆಕಾಳಿನಷ್ಟು ತಗ್ಗಿಸಿದ. ಮರುದಿನ ಐದು ಸಲ ಮಗುಚಿತು, ಐದು ಸಲ ಇಳಿಯಿತು. ಮೆತ್ತನೆಯ ಟೈರು ಹಾಕಿದ. ಚಕ್ರಗಳ ನಡುವಿನ ಅಂತರ ಹೆಚ್ಚಿಸಿದ. ರಿಮ್ಮಿನೊಳಗೆ ಸೀಸ ಸುತ್ತಿದ. ಒಂದು ದಿನ ಹತ್ತಕ್ಕೆ ಹತ್ತು ಸಲವೂ ಇಳಿಯಿತು. ಆ ದಿನ ಅವನು ಹೊಟ್ಟೆ ತುಂಬ ಉಂಡ. ಮರುದಿನ ಅದೇ ಜೀಪು ಅದೇ ಇಳಿಜಾರಿನಲ್ಲಿ ಎರಡನೆಯ ಸಲಕ್ಕೇ ಮಗುಚಿತು. ಬಂಡೆಯ ಮೇಲೆ ಇಬ್ಬನಿ ಇತ್ತು. ಇಬ್ಬನಿ ಕಾರಣವೋ ಅಲ್ಲವೋ ತಿಳಿಯಲು ಮತ್ತೊಂದು ತಿಂಗಳು ಹಿಡಿಯಿತು. ತಿಂಗಳು ಮುಗಿದರೂ ತಿಳಿಯಲಿಲ್ಲ.

ಹೀಗೆ ಅವನ ಬೆಳಗುಗಳೆಲ್ಲ ಗುಡ್ಡದ ಮೇಲೆ ಕಳೆದವು. ಬಂಡೆಗೆ ಕೆನ್ನೆಯಾನಿಸಿ ಮಲಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಹಾಗೆ ನೋಡಿದರೆ ಹಾವಸೆ ಕಾಡಾಗುತ್ತಿತ್ತು. ಇರುವೆ ಸಾಲು ಮೇವಿಗೆ ಹೊರಟ ಮಂದೆಯಾಗುತ್ತಿತ್ತು. ಮೇಲೆ ಗಾಳಿಯಂತ್ರದ ರೆಕ್ಕೆಯ ನೆರಳು ಹಾದುಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಇಳಿಜಾರಿನ ತುದಿಯಲ್ಲಿ ನಿಂತ ನೀಲಿ ಜೀಪು ಪುಟ್ಟದೆಂದು ಅನ್ನಿಸುತ್ತಲೇ ಇರಲಿಲ್ಲ. ರಿಮೋಟಿನ ಮೇಲೆ ಬೆರಳಿಟ್ಟು ಅವನು ಬಹಳ ಹೊತ್ತು ಹಾಗೇ ಇರುತ್ತಿದ್ದ. ಆ ಹೊತ್ತಿನಲ್ಲಿ ಇನ್ನೂ ಏನೂ ಆಗಿರುತ್ತಿರಲಿಲ್ಲ.

ಆಮೇಲೆ ಒತ್ತುತ್ತಿದ್ದ. ಜೀಪು ಇಳಿಯುತ್ತಿತ್ತು, ಅಥವಾ ಮಗುಚುತ್ತಿತ್ತು. ಪುಟ್ಟ ವಸ್ತುಗಳಿಗೆ ಬಿದ್ದರೆ ನೋವಾಗುವುದಿಲ್ಲ. ಎರಡು ಬೆರಳಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದರೆ ಸಾಕು, ಮತ್ತೆ ಹೊರಡುತ್ತದೆ.

ಗ್ಯಾರೇಜಿಗೆ ಬರುವವರು ಕಡಿಮೆಯಾದರು. ಮೇಸ್ತ್ರಿಗೆ ತಲೆ ಕೆಟ್ಟಿದೆ, ಆಟಿಕೆ ಹಿಡಿದುಕೊಂಡು ಗುಡ್ಡ ಸುತ್ತುತ್ತಾನೆ ಎಂದರು. ಅದು ಅವನ ಕಿವಿಗೂ ಬಿತ್ತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಬೋಸಯ್ಯನ ಹೆಂಡತಿ ಮಾರಕ್ಕ ಪಾಲಯ್ಯನ ಮನೆಯಲ್ಲೇ ಇದ್ದಳು. ಗಂಡ ಸತ್ತ ಮೇಲೆ ಊರ ಶಾಲೆಯಲ್ಲಿ ಅಡಿಗೆಗೆ ಸೇರಿದ್ದಳು. ಭಾವ ಬೆಳಿಗ್ಗೆದ್ದು ಎಲ್ಲಿಗೆ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಯಾಕೆಂದು ಕೇಳಿರಲಿಲ್ಲ. ಅವನು ಮಾಡಿದ ಜೀಪನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

ಎರಡನೆಯ ವರ್ಷ ಮುಗಿಯುತ್ತ ಬಂದಾಗ ಒಂದು ಭಾನುವಾರ ಪಾಲಯ್ಯ ಮಧ್ಯಾಹ್ನವಾದರೂ ಊಟಕ್ಕೆ ಇಳಿದು ಬರಲಿಲ್ಲ. ಮಾರಕ್ಕ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದಳು. ಅವನು ಬಂಡೆಯ ಮೇಲೆ ಕೆನ್ನೆಯಿಟ್ಟು ಮಲಗಿದ್ದ. ಅವಳನ್ನು ಕಂಡು ಎದ್ದು ಕೂತ. ಅವಳು ಬುತ್ತಿಯನ್ನು ಕೆಳಗಿಟ್ಟು, ಇಳಿಜಾರಿನ ಇನ್ನೊಂದು ಬದಿಗೆ ಕೂತಳು. ಜೀಪು ನಡುವೆ ನಿಂತಿತ್ತು. ಅವಳು ಬಗ್ಗಿ ಕಿಟಕಿಯೊಳಗೆ ನೋಡಿದಳು.

"ಸೀಟು ಖಾಲಿ ಇದೆ" ಅಂದಳು.

"ಅವನ ತೂಕ ಕೆಳಗೆ ಅಂಟಿಸಿದ್ದೀನಿ."

"ಇಳಿಜಾರಲ್ಲಿ ಅವರು ಕೂತಿದ್ದು ಯಾವಾಗ ಭಾವ? ಅರ್ಧ ಎದ್ದು ನಿಂತು, ಬಾಗಿಲಿಂದ ಆಚೆಗೆ ಬಗ್ಗಿ, ಮುಂದಿನ ಚಕ್ರ ನೋಡ್ತಾ ಇಳಿಸೋರು. ನಿಮಗೂ ಗೊತ್ತಲ್ಲ."

ಪಾಲಯ್ಯನಿಗೆ ಗೊತ್ತಿತ್ತು. ಎರಡು ವರ್ಷ ಎಲ್ಲವನ್ನೂ ಅಳೆದಿದ್ದ, ಇದೊಂದನ್ನು ಮಾತ್ರ ಅಳತೆಗೆ ತಂದಿರಲಿಲ್ಲ. ಬಾಗಿಲಿಂದ ಆಚೆಗೆ ಬಗ್ಗಿದವನ ಸೀಸವನ್ನು ಎಲ್ಲಿ ಅಂಟಿಸುವುದು? ಎಷ್ಟು ಬಗ್ಗಿದ್ದ, ಯಾವ ಬಂಡೆಯ ಹತ್ತಿರ ಬಗ್ಗಿದ್ದ?

ಮಾರಕ್ಕ ಕೇಳಿದಳು: "ಇದು ಬಿದ್ದರೆ ಏನು ಮಾಡ್ತೀರಿ?"

"ಎತ್ತಿ ಮತ್ತೆ ಮೇಲಿಡ್ತೀನಿ."

"ಬೀಳದೆ ಇಳಿದರೆ?"

ಪಾಲಯ್ಯ ಯೋಚಿಸಿದ. ಈ ಪ್ರಶ್ನೆಯನ್ನು ಅವನು ಎಂದೂ ಕೇಳಿಕೊಂಡಿರಲಿಲ್ಲ.

"ಆಗಲೂ ಎತ್ತಿ ಮತ್ತೆ ಮೇಲಿಡ್ತೀನಿ" ಅಂದ.

ಮಾರಕ್ಕ ನಿಧಾನವಾಗಿ ಹೇಳಿದಳು: "ಅವತ್ತು ಬೆಳಿಗ್ಗೆ ರೊಟ್ಟಿ ಬೇಯ್ತಾ ಇತ್ತು. ಇರಿ, ತಿಂದು ಹೋಗಿ ಅಂತ ನಾನು ಅನ್ನಲಿಲ್ಲ. ಅಂದಿದ್ದರೆ ಅರ್ಧ ಗಂಟೆ ತಡವಾಗೋದು. ಆಗ ಬಿಸಿಲು ಏರಿರ್ತಿತ್ತು, ಬಂಡೆ ಒಣಗಿರ್ತಿತ್ತು. ದಿನಾ ಒಲೆ ಮುಂದೆ ಕೂತು ಆ ಮಾತು ಅಂತೀನಿ ಭಾವ. ದಿನಾ ಅವರು ತಿಂದು ಹೋಗ್ತಾರೆ. ನಾನು ಅದಕ್ಕೊಂದು ಜೀಪು ಮಾಡಿಲ್ಲ, ಅಷ್ಟೆ."

ಪಾಲಯ್ಯ ಅವಳ ಮುಖ ನೋಡಿದ. ಎರಡು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ನೋಡಿದರೆ ಅಲ್ಲಿ ತನ್ನ ಮೇಲಿನ ದೂರು ಕಂಡೀತೆಂದು ಅಂಜಿದ್ದ. ಅಲ್ಲಿ ದೂರಿರಲಿಲ್ಲ. ದಣಿವಿತ್ತು.

"ಕೊಡಿ ಇಲ್ಲಿ" ಎಂದು ಅವಳು ಕೈ ಚಾಚಿದಳು.

ಅವನು ರಿಮೋಟು ಕೊಟ್ಟ. ಇದನ್ನು ಒತ್ತಿದರೆ ಮುಂದೆ, ಇದನ್ನು ತಿರುಗಿಸಿದರೆ ತಿರುವು ಎಂದು ತೋರಿಸಿದ. ಅವಳು ಜೀಪನ್ನು ಇಳಿಜಾರಿಗೆ ಬಿಡಲಿಲ್ಲ. ತಡವರಿಸುತ್ತ, ಹಿಂದೆ ಮುಂದೆ ಮಾಡುತ್ತ, ಅದರ ಮೂತಿಯನ್ನು ಊರಿನ ಕಾಲುದಾರಿಯ ಕಡೆಗೆ ತಿರುಗಿಸಿದಳು. ಎದ್ದು ನಿಂತಳು. ಜೀಪು ಹೊರಟಿತು. ಅವಳು ಅದರ ಹಿಂದೆ ಹೊರಟಳು. ಪಾಲಯ್ಯ ಬುತ್ತಿ ಎತ್ತಿಕೊಂಡು ಅವಳ ಹಿಂದೆ ಹೊರಟ.

ಆ ಜೀಪಿನ ವೇಗ ಎಷ್ಟೆಂದರೆ ಮಗುವಿನ ನಡಿಗೆಯಷ್ಟು. ಅದು ಬೇರು ಹತ್ತಿ ಇಳಿಯಿತು. ಒಣಗಿದ ಹಳ್ಳ ದಾಟಿತು. ಹುಲ್ಲಿನೊಳಗೆ ಹೊಕ್ಕು ಕಾಣದಾಯಿತು, ಹುಲ್ಲು ಅಲುಗುವುದು ಮಾತ್ರ ಕಂಡಿತು, ಮತ್ತೆ ಆಚೆ ಬದಿಯಲ್ಲಿ ಹೊರಬಂತು. ಬಿಸಿಲು ಇಳಿಯುತ್ತಿತ್ತು. ಎದುರಿಗೆ ಬಂದ ಕುರಿಮಂದೆ ತಾನಾಗಿಯೇ ಎರಡಾಗಿ ಅದಕ್ಕೆ ದಾರಿ ಬಿಟ್ಟಿತು. ಆ ದಾರಿಯಲ್ಲಿ ಪಾಲಯ್ಯ ಸಾವಿರ ಸಲ ಓಡಾಡಿದ್ದ. ಆದರೂ ಅದು ಇಷ್ಟು ಉದ್ದವಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಊರು ಇನ್ನೂ ಅಷ್ಟು ದೂರವಿರುವಾಗ ಬ್ಯಾಟರಿ ಮುಗಿದು ಜೀಪು ನಿಂತಿತು. ಪಾಲಯ್ಯ ಕೈ ಚಾಚುವ ಮೊದಲೇ ಮಾರಕ್ಕ ಅದನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡಳು. ಸೆರಗಿನ ತುದಿಯಿಂದ ಅದರ ಮೂತಿಯ ಧೂಳು ಒರೆಸಿದಳು. ಹಾಗೇ ಮನೆಗೆ ನಡೆದಳು.

ಆ ಸಂಜೆ ಪಾಲಯ್ಯ ಗ್ಯಾರೇಜಿನ ಹಿಂದೆ ಹೋಗಿ, ಮುರಿದ ಜೀಪಿನ ಬಾಗಿಲಿಗೆ ಒರಗಿ ಕೂತು ಅತ್ತ. ತಮ್ಮನ ಹೆಸರು ಹಿಡಿದು ಅತ್ತ. ಸತ್ತ ದಿನ ಅಳುವ ಹಾಗೆ ಅತ್ತ. ಮಾರಕ್ಕನಿಗೆ ಒಳಗೆ ಕೇಳಿಸಿತು. ಅವಳು ಒಲೆ ಹಚ್ಚಿದಳು, ಆ ದಿನ ಒಲೆಯ ಮುಂದೆ 'ತಿಂದು ಹೋಗಿ' ಎಂಬ ಮಾತನ್ನು ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವನು ಗುಡ್ಡಕ್ಕೆ ಹೋಗಲಿಲ್ಲ. ಗ್ಯಾರೇಜಿನ ಬಾಗಿಲು ತೆರೆದ. ತಪ್ಪು ಎತ್ತರದ್ದೋ, ಇಬ್ಬನಿಯದ್ದೋ, ಬಗ್ಗಿ ನೋಡಿದವನದ್ದೋ, ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಇನ್ನೇನಾದರೂ ಹೇಳುತ್ತಾರೆಂದು ಶಿಷ್ಯ ಕಾದ.

"ಅಂದರೆ, ನಾನು ಹುಡುಕುವುದನ್ನು ಬಿಡಬೇಕೇ ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಪಾಲಯ್ಯ ಗುಡ್ಡದಲ್ಲಿ ಹುಡುಕಿದ್ದು ತಪ್ಪನ್ನೋ, ತಮ್ಮನನ್ನೋ? ನೀನು ಹುಡುಕುತ್ತಿರುವುದು ಯಾರನ್ನು?"